ಸಮುದ್ರವಿಲ್ಲದ ನಾಡಿನಲ್ಲಿ ದೋಣಿಯ ಪಾಠ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ನಮ್ಮ ಹಿರಿಯರು ಹೇಳುತ್ತ ಬಂದ ಮಾತು. ಇವೆರಡೂ ಬೇರೆ ಬೇರೆ ಕೆಲಸಗಳೆಂದೂ, ಓದು ಮುಗಿದು ಕೈಗೆ ನಾಲ್ಕು ಕಾಸು ಬಂದ ಮೇಲೆ ಸುತ್ತುವುದೇ ಕ್ರಮವೆಂದೂ ನಾವು ಭಾವಿಸಿಕೊಂಡಿದ್ದೇವೆ. ಆದರೆ ಎರಡನ್ನೂ ಒಂದೇ ಹಾಯಿದೋಣಿಗೆ ಏರಿಸಿಕೊಂಡು, ಎಳೆಯ ಮಕ್ಕಳೊಡನೆ ವರ್ಷಗಟ್ಟಲೆ ಕಡಲಿನ ಮೇಲೆಯೇ ಸಂಸಾರ ಹೂಡುವ ಕುಟುಂಬಗಳು ಜಗತ್ತಿನಲ್ಲಿವೆ. ನಲವತ್ತು ಅಡಿ ಉದ್ದದ ದೋಣಿಯೇ ಅವರ ಮನೆ. ಅದರ ಒಂದು ಮೂಲೆಯೇ ಅಡುಗೆಮನೆ, ಇನ್ನೊಂದು ಮೂಲೆಯೇ ಪಾಠಶಾಲೆ. ಬೆಳಗಿನ ಹೊತ್ತು ತಾಯಿತಂದೆಯರೇ ಗುರುಗಳಾಗಿ ಪಾಠ ಹೇಳುತ್ತಾರೆ. ಭೂಪಟ ಅಲ್ಲಿ ಗೋಡೆಯ ಅಲಂಕಾರವಲ್ಲ, ಅಂದಂದಿನ ಹಾದಿಯನ್ನು ಗುರುತಿಸುವ ಸಾಧನ. ಲೆಕ್ಕವೆಂದರೆ ಗಾಳಿಯ ವೇಗಕ್ಕೂ ಉಳಿದಿರುವ ದೂರಕ್ಕೂ ಹಾಕುವ ಲೆಕ್ಕ. ಸಂಜೆಯಾದರೆ ದಿನಚರಿಯ ಪುಸ್ತಕದಲ್ಲಿ ಅಂದಿನ ಗಾಳಿ, ಮೋಡ, ಸಾಗಿದ ದೂರ, ಉಳಿದ ನೀರು ಇವನ್ನೆಲ್ಲ ಬರೆದಿಡಬೇಕು. ಅದನ್ನು ಬರೆಯುವ ಕೆಲಸ ಬಹುಮಟ್ಟಿಗೆ ಮಕ್ಕಳದೇ.

ಇದನ್ನು ಕೇಳಿದೊಡನೆ ಗೃಹಸ್ಥರಾದ ನಮಗೆ ಹುಟ್ಟುವ ಮೊದಲ ಪ್ರಶ್ನೆ, ಮಕ್ಕಳನ್ನು ಇಂತಹ ಅಪಾಯಕ್ಕೆ ಒಡ್ಡುವುದು ಸರಿಯೆ ಎಂಬುದು. ಪ್ರಶ್ನೆ ನ್ಯಾಯವಾದುದೇ. ಇಂಗ್ಲೆಂಡಿನ ಡೂಗಲ್ ರಾಬರ್ಟ್‌ಸನ್ ಎಂಬವರು ಹಿಂದೆ ನಾವಿಕರಾಗಿದ್ದು, ಬಳಿಕ ಹಸುಗಳನ್ನು ಸಾಕಿಕೊಂಡು ಬೇಸಾಯ ಮಾಡುತ್ತಿದ್ದವರು. ಮಕ್ಕಳು ಜಗತ್ತನ್ನೇ ಪಾಠಶಾಲೆಯಾಗಿ ಮಾಡಿಕೊಂಡು ಕಲಿಯಲೆಂದು ಜಮೀನನ್ನು ಮಾರಿ, ‘ಲ್ಯೂಸೆಟ್’ ಎಂಬ ಹಳೆಯ ಮರದ ಹಾಯಿಹಡಗನ್ನು ಕೊಂಡು, 1971ರ ಜನವರಿಯಲ್ಲಿ ಪತ್ನಿ ಲಿನ್ ಮತ್ತು ಮಕ್ಕಳೊಡನೆ ಹೊರಟರು. 1972ರ ಜೂನ್ 15ರಂದು ಪೆಸಿಫಿಕ್ ಸಾಗರದಲ್ಲಿ, ಗಲಪಗಸ್ ದ್ವೀಪಗಳ ಪಶ್ಚಿಮಕ್ಕೆ, ಕೊಲೆಗಡುಕ ತಿಮಿಂಗಿಲಗಳು ಬಡಿದು ಆ ಹಡಗು ಕೆಲವೇ ನಿಮಿಷಗಳಲ್ಲಿ ಮುಳುಗಿತು. ಅವಳಿ ಬಾಲಕರಿಬ್ಬರೂ ಸೇರಿ ಆರು ಮಂದಿ ಒಂದು ರಬ್ಬರಿನ ತೆಪ್ಪಕ್ಕೂ ಹತ್ತು ಅಡಿಯಷ್ಟಿದ್ದ ಪುಟ್ಟ ದೋಣಿಗೂ ದಾಟಿಕೊಂಡರು. ಎರಡೂವರೆ ವಾರ ಕಳೆಯುವಷ್ಟರಲ್ಲಿ ತೆಪ್ಪವೂ ಕೈಕೊಟ್ಟಿತು. ಆ ಬಳಿಕ ಆರೂ ಜನಕ್ಕೆ ಆ ಪುಟ್ಟ ದೋಣಿಯೊಂದೇ ಆಸರೆ. 38ನೆಯ ದಿನ ಜಪಾನಿನ ಮೀನುಗಾರಿಕೆಯ ಹಡಗೊಂದು ಅವರನ್ನು ಕಂಡು ಮೇಲೆತ್ತಿಕೊಂಡಿತು. ಆರೂ ಜನ ಬದುಕಿ ಬಂದರು.

ಅಷ್ಟು ದಿನ ಅವರು ಏನನ್ನು ತಿಂದು ಬದುಕಿದರೆಂಬುದು ನಮ್ಮ ಓದುಗರಿಗೆ ರುಚಿಸದ ವಿಷಯ, ಅದನ್ನು ಬಿಡೋಣ. ಏನನ್ನು ಕುಡಿದು ಬದುಕಿದರೆಂಬುದು ನಾವೆಲ್ಲರೂ ತಿಳಿಯಬೇಕಾದ ವಿಷಯ. ಸುತ್ತಲೂ ಕಣ್ಣು ಹರಿಯುವಷ್ಟು ದೂರ ನೀರು. ಕುಡಿಯಲು ಒಂದು ಗುಟುಕೂ ಸಲ್ಲದು. ಹಿಂದಿರುಗಿ ದ್ವೀಪಗಳ ಕಡೆಗೆ ಹೋಗೋಣವೆಂದರೆ ಗಾಳಿ ಎದುರು. ಆಗ ರಾಬರ್ಟ್‌ಸನ್ನರು ನೆಲ ಎಲ್ಲಿದೆ ಎಂದು ಹುಡುಕುವುದನ್ನು ಬಿಟ್ಟು, ಮಳೆ ಎಲ್ಲಿ ಬಿದ್ದೀತು ಎಂದು ಯೋಚಿಸಿ, ಉತ್ತರಕ್ಕಿರುವ ಮಳೆಯ ಪಟ್ಟಿಯತ್ತ ದೋಣಿಯನ್ನು ತಿರುಗಿಸಿದರು. ಬಿದ್ದ ಮಳೆಯನ್ನು ಬಟ್ಟೆಯಲ್ಲಿ ಹಿಡಿದು, ಡಬ್ಬಗಳಲ್ಲಿ ತುಂಬಿ, ಗುಟುಕುಗಳ ಲೆಕ್ಕದಲ್ಲಿ ಹಂಚಿಕೊಂಡರು. 1973ರಲ್ಲಿ ಅವರು ಬರೆದ ಪುಸ್ತಕ ಲೋಕಪ್ರಸಿದ್ಧವಾಯಿತು. ಆ ಪುಟ್ಟ ದೋಣಿಯನ್ನು ಅವರು ಹೊರಟ ಫಾಲ್ಮತ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಪಾಡಿ ಇಟ್ಟಿದ್ದಾರೆ.

ಇನ್ನೊಂದು ಉದಾಹರಣೆ ಲಾರಾ ಡೆಕ್ಕರ್ ಎಂಬ ಡಚ್ ಕನ್ಯೆಯದು. ತಾಯಿತಂದೆಯರು ದೋಣಿಯಲ್ಲಿ ಲೋಕ ಸುತ್ತುತ್ತಿದ್ದಾಗ 1995ರಲ್ಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿದ ಆಕೆಯ ಬಾಲ್ಯದ ಮೊದಲ ವರ್ಷಗಳು ಕಡಲಿನ ಮೇಲೆಯೇ ಕಳೆದವು. ಒಬ್ಬಳೇ ಜಗತ್ತನ್ನು ಸುತ್ತಿ ಬರುತ್ತೇನೆಂದು ಹದಿಮೂರರ ವಯಸ್ಸಿನಲ್ಲಿ ಹೊರಟಾಗ ಅಲ್ಲಿನ ನ್ಯಾಯಾಲಯವೇ ನಡುವೆ ಬಂದು ತಡೆಯಬೇಕಾಯಿತು. ಕೊನೆಗೆ ಅನುಮತಿ ದೊರೆತು, 2012ರ ಜನವರಿಯಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಆಕೆ ತನ್ನ ಪರ್ಯಟನವನ್ನು ಪೂರೈಸಿದಳು. ಮಗುವಿನ ಸ್ವಾತಂತ್ರ್ಯ ಎಲ್ಲಿಗೆ ನಿಲ್ಲಬೇಕು, ಹಿರಿಯರ ಹೊಣೆ ಎಲ್ಲಿಂದ ತೊಡಗಬೇಕು ಎಂಬ ವಾದಕ್ಕೆ ಈ ಎರಡು ಕಥೆಗಳೂ ಎರಡು ಕಡೆಯ ಸಾಕ್ಷಿಗಳು. ಒಂದು ಮಾತನ್ನಂತೂ ಎರಡೂ ಒಪ್ಪುತ್ತವೆ: ದೋಣಿಯ ಮೇಲೆ ಬೆಳೆದ ಮಗುವಿಗೆ, ತನ್ನ ಕೈಯಲ್ಲಿರುವುದು ಎಷ್ಟು, ಅದು ಎಲ್ಲಿಂದ ಬಂತು, ಎಷ್ಟು ದಿನ ಬರುತ್ತದೆ ಎಂಬುದು ಗೊತ್ತಿರುತ್ತದೆ.

ನಾವು ಈ ಕಥೆಗಳನ್ನು ಮನೆಯಲ್ಲಿ ಹೇಳಿದಾಗ ಮಕ್ಕಳಿಬ್ಬರೂ ತಾವೂ ದೋಣಿಯಲ್ಲಿ ಹೋಗಬೇಕೆಂದು ಹಟ ಹಿಡಿದುದು ಸಹಜವೇ. ಕಡಲತೀರದ ಕನ್ನಡಿಗರಿಗೆ ಹಾಯಿ ಹೊಸದಲ್ಲ. ಮಂಗಳೂರಿನ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಸಾಗಿಸುತ್ತಿದ್ದ ಮಂಜಿಗಳು ಹಾಯಿಯನ್ನೇ ನಂಬಿದ್ದವು. ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದು ಕಟ್ಟಿದ ‘ಕೌಂಡಿನ್ಯ’ ಎಂಬ ಹಾಯಿಹಡಗು ಭಾರತೀಯ ನೌಕಾಪಡೆಯನ್ನು ಸೇರಿದುದು 2025ರ ಮೇ 21ರಂದು, ನಮ್ಮ ಕಾರವಾರದಲ್ಲಿ. ಅದರ ಹಾಯಿಯ ಮೇಲೆ ಗಂಡಭೇರುಂಡವಿದೆಯೆಂದು ತಿಳಿದಾಗ ಮಕ್ಕಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೆ ನಾವಿರುವುದು ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ. ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಈ ಬಯಲಿನಲ್ಲಿ ಕಡಲಿನ ಮಾತಿರಲಿ, ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ.

ಹೀಗೆ ಯೋಚಿಸುತ್ತಿದ್ದಾಗಲೇ ನಮಗೆ ಒಂದು ಮಾತು ಹೊಳೆಯಿತು. ಹೊರಗಿನಿಂದ ನದಿಯೊಂದು ನೀರನ್ನು ಹೊತ್ತು ತಂದು ಕೊಡುವುದಿಲ್ಲವೆಂದ ಮೇಲೆ, ಈ ನಾಲ್ಕು ತಾಲ್ಲೂಕುಗಳಿಗೆ ಇರುವ ಸ್ವಂತ ನೀರೆಂದರೆ ಆಕಾಶದಿಂದ ಬೀಳುವುದಷ್ಟೇ. ಹಾಗೆಂದರೆ ನಾವೂ ಒಂದು ದೋಣಿಯ ಮೇಲೆಯೇ ಇದ್ದೇವೆ. ಆ ಕುಟುಂಬ ಬಟ್ಟೆಯಲ್ಲಿ ಮಳೆ ಹಿಡಿಯಿತು. ನಮ್ಮ ಪೂರ್ವಿಕರು ಏರಿ ಕಟ್ಟಿ ಕೆರೆಗಳಲ್ಲಿ ಹಿಡಿದರು. ವ್ಯತ್ಯಾಸ ಬಟ್ಟೆಗೂ ಏರಿಗೂ ಮಾತ್ರ. ಆದುದರಿಂದ ದಸರೆಯ ರಜೆಯಲ್ಲಿ ನಾಲ್ಕು ತಾಲ್ಲೂಕುಗಳಿಗೆ ನಾಲ್ಕು ದಿನಗಳನ್ನು ಮೀಸಲಿಟ್ಟು, ನಾವಿಕರು ನೀರನ್ನು ಹುಡುಕುವಂತೆ ನೀರಿನ ಜಾಡು ಹಿಡಿದು ಹೋಗೋಣವೆಂದು ನಿಶ್ಚಯಿಸಿದೆವು.

ಮಕ್ಕಳೇ ದೋಣಿಯ ನಿಯಮಗಳನ್ನು ಬರೆದರು. ದಿನವೊಂದಕ್ಕೆ ನಾಲ್ವರಿಗೂ ಸೇರಿ ಇಪ್ಪತ್ತು ಲೀಟರಿನ ಒಂದೇ ಕ್ಯಾನು. ಕುಡಿಯುವುದು, ಕೈಬಾಯಿ ತೊಳೆಯುವುದು, ತಟ್ಟೆ ತೊಳೆಯುವುದು ಎಲ್ಲವೂ ಅದರಲ್ಲಿಯೇ. ನೀರಿನ ಲೆಕ್ಕ ಹನ್ನೊಂದರ ಮಗಳದು, ಹಾದಿಯ ಲೆಕ್ಕ ಎಂಟರ ಮಗನದು. ಬೆಳಿಗ್ಗೆ ಒಂದು ಗಂಟೆ ಪಾಠ, ರಾತ್ರಿ ಮಲಗುವ ಮುನ್ನ ದಿನಚರಿ. ಪೂಜೆಗೆ ಮಾತ್ರ ಬೇರೆ ನಿಯಮ ಬೇಕಾಗಲಿಲ್ಲ. ಇಷ್ಟಲಿಂಗವನ್ನು ಕರಸ್ಥಲದಲ್ಲಿ ಇಟ್ಟುಕೊಂಡು ಪೂಜಿಸುವವರಿಗೆ ದೇವಾಲಯವನ್ನು ಹಿಂದೆ ಬಿಟ್ಟು ಬಂದೆವೆಂಬ ಕೊರತೆಯೆಲ್ಲಿ? ಒಂದು ಉದ್ಧರಣೆ ನೀರು, ಚಿಟಿಕೆ ಭಸ್ಮ, ಸಿಕ್ಕರೆ ಒಂದು ಹೂವು. ಬಸವಾದಿ ಶರಣರು ಸ್ಥಾವರಕ್ಕಿಂತ ಜಂಗಮಕ್ಕೆ ಹೆಚ್ಚಿನ ಬೆಲೆ ಕೊಟ್ಟುದರ ಹಿಂದೆ ಪ್ರಯಾಣಿಕನಿಗೆ ಎಂತಹ ಅನುಕೂಲವಿದೆಯೆಂಬುದು, ಮನೆಬಿಟ್ಟು ಹೊರಟ ಮೊದಲ ಮುಂಜಾನೆಯೇ ನಮಗೆ ಮನವರಿಕೆಯಾಯಿತು.

ನೆಲಮಂಗಲ: ಬಂಡೆಯೊಳಗಿನ ಗಂಗೆ

ಮೊದಲ ದಿನ ಶಿವಗಂಗೆ. ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ ತಿರುಗಿದರೆ ಸ್ವಲ್ಪ ಹೊತ್ತಿನಲ್ಲಿಯೇ ಬೆಟ್ಟ ಎದುರಾಗುತ್ತದೆ. ಒಂದು ದಿಕ್ಕಿನಿಂದ ನಂದಿಯಂತೆ, ಇನ್ನೊಂದರಿಂದ ಲಿಂಗದಂತೆ, ಮತ್ತೆರಡರಿಂದ ಗಣಪತಿಯಂತೆಯೂ ಸರ್ಪದಂತೆಯೂ ಕಾಣುವುದೆಂದು ಭಕ್ತರು ಹೇಳುವ ಈ ಬೆಟ್ಟಕ್ಕೆ ದಕ್ಷಿಣಕಾಶಿಯೆಂಬ ಹೆಸರಿದೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಕೊನೆಯುಸಿರೆಳೆದುದು ಇಲ್ಲಿಯೇ. ಗಂಗಾಧರೇಶ್ವರನ ಗುಹಾಲಯ, ಹೊನ್ನಾದೇವಿಯ ಗುಡಿ, ನಮ್ಮ ಸಮಾಜದವರೆಲ್ಲರಿಗೂ ಪರಿಚಿತವಾದ ಮೇಲಣಗವಿ ಮಠ ಇವು ಇಲ್ಲಿನ ಮುಖ್ಯ ಸ್ಥಾನಗಳು.

ಮಕ್ಕಳ ಕಣ್ಣು ನೆಟ್ಟುದು ಒಳಕಲ್ಲು ತೀರ್ಥದ ಮೇಲೆ. ಬೆಟ್ಟದ ಮೇಲಿನ ಬಂಡೆಯಲ್ಲಿ ಒರಳಿನಂತಹ ಕಿರಿದಾದ ಕುಳಿ. ಒಳಗೆ ಕೈಯಿಳಿಸಿದರೆ ತಣ್ಣಗಿನ ನೀರು ತಾಕುತ್ತದೆ. ಪುಣ್ಯವಂತರಿಗೆ ಮಾತ್ರ ನೀರು ದೊರೆಯುವುದೆಂಬ ನಂಬಿಕೆ ಜನರಲ್ಲಿದೆ. ಮಗಳ ಬೆರಳಿಗೆ ನೀರು ತಾಕಿತು, ಮಗನ ತೋಳು ಸಾಲಲಿಲ್ಲ. ಅವನ ಮುಖ ಬಾಡಿದುದನ್ನು ಕಂಡು, ಪುಣ್ಯ ಕಡಿಮೆಯಾದುದಲ್ಲ, ತೋಳು ಇನ್ನೂ ಬೆಳೆಯಬೇಕಾಗಿದೆಯೆಂದು ಸಮಾಧಾನ ಹೇಳಿದೆವು. ಬೋಳು ಬಂಡೆಯ ತಲೆಯ ಮೇಲೆ ನೀರು ಹೇಗೆ ಎಂಬ ಪ್ರಶ್ನೆಗೆ, ಮಳೆನೀರು ಬಂಡೆಯ ಬಿರುಕುಗಳಲ್ಲಿ ಇಳಿದು ತಂಗುವುದನ್ನು ವಿವರಿಸಿದೆವು. ನಮ್ಮ ಬಯಲಿನ ಅಡಿಯಲ್ಲಿಯೂ ಇರುವುದು ಇದೇ ಬಗೆಯ ಗಟ್ಟಿ ಶಿಲೆ. ಕೊಳವೆಬಾವಿಯಲ್ಲಿ ನಾವು ಎತ್ತುವುದೂ ಬಿರುಕುಗಳಲ್ಲಿ ತಂಗಿದ ಇಂತಹ ನೀರನ್ನೇ. ನೆಲದಡಿ ಸಮುದ್ರವೊಂದು ಇದೆಯೆಂಬ ಭಾವನೆಯಿಂದ ಸಾವಿರ ಅಡಿಗೂ ಮಿಕ್ಕಿ ಕೊರೆಯುತ್ತ ಹೋಗುವವರು ಒಮ್ಮೆ ಈ ಕುಳಿಯಲ್ಲಿ ಕೈಯಿಟ್ಟು ನೋಡಬೇಕು. ಬಂಡೆಯ ಕೈಯಲ್ಲಿ ಇರುವುದು ಬೊಗಸೆ ನೀರು.

ಈ ಬೆಟ್ಟದಿಂದಲೇ ಕುಮುದ್ವತಿ ಹುಟ್ಟುತ್ತದೆ. ದಿನಚರಿಯಲ್ಲಿ ಬರೆಯಲು ನದಿಯ ಅಗಲ ಎಷ್ಟೆಂದು ಮಗ ಕೇಳಿದ. ನಾವು ನಿಂತಿದ್ದ ಕಡೆ ಅದು ಒಂದು ನೆಗೆತಕ್ಕೆ ದಾಟುವಷ್ಟು ಹಳ್ಳ. ಸ್ವಯಂಸೇವಕರು ಹಳ್ಳಗಳಿಗೆ ಅಡ್ಡಲಾಗಿ ಕಲ್ಲಿನ ತಡೆಗಳನ್ನು ಜೋಡಿಸಿ, ಇಂಗುಬಾವಿಗಳನ್ನು ತೋಡಿ, ಇಳಿಜಾರಿನ ನೀರನ್ನು ನಿಲ್ಲಿಸಿ ನಡೆಸುವ ಯತ್ನ ಮಾಡಿದ್ದಾರೆ. ಅಂತಹ ತಡೆಯೊಂದರ ಹಿಂದೆ ಮಂಡಿಯುದ್ದ ನೀರು ನಿಂತಿತ್ತು. ಮಕ್ಕಳು ಅಡಕೆ ಹಾಳೆಯ ದೋಣಿಯೊಂದನ್ನು ಮಾಡಿ ಅಲ್ಲಿ ತೇಲಿಬಿಟ್ಟರು. ನಮ್ಮ ಯಾತ್ರೆಯ ಮೊದಲ ನೌಕೆ ಅದು.

ದೊಡ್ಡಬಳ್ಳಾಪುರ: ತುಂಬಿದ ಕೆರೆ, ಬರಿದಾದ ಕೊಡ

ಎರಡನೆಯ ದಿನ ಅರ್ಕಾವತಿಯನ್ನು ಹುಡುಕಿಕೊಂಡು ದೊಡ್ಡಬಳ್ಳಾಪುರಕ್ಕೆ ಬಂದೆವು. ನಂದಿಬೆಟ್ಟದ ಕಡೆಯಿಂದ ಇಳಿಯುವ ಈ ನದಿ ದೊಡ್ಡಬಳ್ಳಾಪುರದ ನಾಗರಕೆರೆಯನ್ನು ಹಾದು, ಹೆಸರಘಟ್ಟಕ್ಕೆ ಹೋಗಿ, ಮುಂದೆ ತಿಪ್ಪಗೊಂಡನಹಳ್ಳಿಯಲ್ಲಿ ಕುಮುದ್ವತಿಯನ್ನು ಕೂಡಿಕೊಂಡು, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಗೆ ಸೇರಬೇಕು. ಬೆಂಗಳೂರು ನಗರ ಕೊಳಾಯಿಯ ನೀರನ್ನು ಮೊದಲು ಕುಡಿದುದು ಇದೇ ಅರ್ಕಾವತಿಯಿಂದ. 1894ರಲ್ಲಿ ಹೆಸರಘಟ್ಟದ ಜಲಾಶಯ, ಅದು ಸಾಲದೆ ಹೋದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ, ಅದೂ ಸಾಲದೆ ಹೋದಾಗ 1974ರಲ್ಲಿ ದೂರದ ಕಾವೇರಿ. ಹತ್ತಿರದ ನೀರು ಮುಗಿದಂತೆಲ್ಲ ನಗರವು ದೂರದ ನೀರಿಗೆ ಕೈಚಾಚಿದ ಕಥೆಯಿದು. ದೋಣಿಯಲ್ಲಿ ಕುಳಿತವನಿಗೆ ಹೀಗೆ ಚಾಚಲು ಎರಡನೆಯ ಕೈ ಇಲ್ಲ.

ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದರೆ ಜೊಂಡು, ಪೊದೆ, ನಡುವೆ ಒಂದು ಕಪ್ಪು ಗೆರೆ. ನದಿ ಎಲ್ಲಿ ಎಂದು ಮಕ್ಕಳು ಕೇಳಿದರು, ಇದೇ ಎಂದೆವು. ಮಳೆ ಕಡಿಮೆಯಾದುದರಿಂದ ನದಿ ಬತ್ತಿತೆಂದು ಎಲ್ಲರೂ ಹೇಳುವುದುಂಟು. ಅರ್ಕಾವತಿ ಬತ್ತಿದುದೇಕೆ ಎಂಬುದನ್ನೇ ವಿಷಯವಾಗಿಟ್ಟುಕೊಂಡು 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಬೇರೆ ಮಾತನ್ನೇ ಹೇಳುತ್ತದೆ. ಮಳೆಯ ಪ್ರಮಾಣದಲ್ಲಿ ಅಂತಹ ಇಳಿತವಿಲ್ಲ. ಕೊಳವೆಬಾವಿಗಳ ಮೂಲಕ ಅಂತರ್ಜಲವನ್ನು ಎತ್ತಿದುದು, ನೀಲಗಿರಿಯ ತೋಪುಗಳು ಹಬ್ಬಿದುದು, ಹಳ್ಳಗಳಿಗೆ ಅಲ್ಲಲ್ಲಿ ತಡೆ ಬಿದ್ದುದು ಇವೇ ಮುಖ್ಯ ಕಾರಣಗಳಾಗಿರಬೇಕೆಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಹೊಸದಾಗಿ ನೀಲಗಿರಿ ನೆಡುವುದನ್ನು ಕರ್ನಾಟಕ ಸರ್ಕಾರ 2017ರಲ್ಲಿ ನಿಷೇಧಿಸಿತು. ಆಕಾಶ ಕೊಡುವುದನ್ನು ನಿಲ್ಲಿಸಲಿಲ್ಲ, ಹಿಡಿಯುವ ಪಾತ್ರೆಗೆ ನಾವೇ ತೂತು ಕೊರೆದೆವು ಎಂದಾಯಿತು.

ಅಲ್ಲಿಂದ ದೊಡ್ಡತುಮಕೂರಿನ ಕೆರೆಯ ಏರಿಗೆ ಹೋದೆವು. ಪಟ್ಟಣದ ಕೊಳಚೆಯೂ ಕೈಗಾರಿಕೆಗಳ ಕಲುಷಿತ ನೀರೂ ತಮ್ಮ ಕೆರೆಗೆ ಸೇರುತ್ತಿರುವುದನ್ನು ವಿರೋಧಿಸಿ ಇಲ್ಲಿನ ಗ್ರಾಮಸ್ಥರು ಹಲವು ವರ್ಷಗಳಿಂದ ಹೋರಾಟ ನಡೆಸಿಕೊಂಡು ಬಂದಿದ್ದಾರೆ. ಏರಿಯ ಮೇಲೆ ನಿಂತರೆ ಮೊದಲ ನೋಟಕ್ಕೆ ಕಣ್ಣು ತುಂಬುವಷ್ಟು ನೀರು. ಮಗ ಚಪ್ಪಲಿ ಕಳಚಿ ಇಳಿಯಲು ಮುಂದಾದ. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ವೃದ್ಧೆಯೊಬ್ಬರು ದೂರದಿಂದಲೇ ಕೂಗಿ ತಡೆದರು. ಬಳಿಕ ಹತ್ತಿರ ಬಂದು, ತಾವು ಸೊಸೆಯಾಗಿ ಬಂದ ಕಾಲದಲ್ಲಿ ಇದೇ ಕೆರೆಯ ನೀರನ್ನು ಕೊಡದಲ್ಲಿ ಹೊತ್ತುದನ್ನೂ, ಈಗ ಕುಡಿಯುವ ನೀರನ್ನು ಕ್ಯಾನಿನಲ್ಲಿ ಕೊಳ್ಳುವುದನ್ನೂ ನಿಧಾನವಾಗಿ ಹೇಳಿದರು. ನಮ್ಮ ಕ್ಯಾನಿನಿಂದ ಒಂದು ಲೋಟ ನೀರು ಕೊಟ್ಟಾಗ ನೆರಳಿಗೆ ಹೋಗಿ ಕುಳಿತು ಕುಡಿದರು.

ಮಗಳು ಬಹಳ ಹೊತ್ತು ಮೌನವಾಗಿದ್ದಳು. ಸುತ್ತಲೂ ನೀರು, ಕುಡಿಯಲು ಇಲ್ಲ. ಹಾಗಾದರೆ ಈ ಊರಿನವರೂ ಆ ದೋಣಿಯಲ್ಲಿದ್ದವರ ಹಾಗೆಯೇ ಅಲ್ಲವೆ ಎಂದು ಕಾರಿನಲ್ಲಿ ಕೇಳಿದಳು. ಆ ಕುಟುಂಬಕ್ಕೆ 38ನೆಯ ದಿನ ಒಂದು ಹಡಗು ಬಂತು. ಈ ಊರಿಗೆ ಯಾವ ಹಡಗು ಬರಬೇಕು? ಆ ಮಗುವಿಗೆ ಕೊಡಲು ನಮ್ಮಲ್ಲಿ ಉತ್ತರವಿರಲಿಲ್ಲ. ಬಳಸಿದ ನೀರನ್ನು ಎಲ್ಲಿಗೆ ಕಳುಹಿಸುತ್ತಿದ್ದೇವೆಂದು ನಮ್ಮ ನಮ್ಮ ಮನೆಗಳವರೂ ಕಾರ್ಖಾನೆಗಳವರೂ ಕೇಳಿಕೊಳ್ಳುವ ದಿನವೇ ಆ ಹಡಗು ಹೊರಡುವ ದಿನವೆಂದು ಮಾತ್ರ ನಮಗೆ ತೋರುತ್ತದೆ.

ದೇವನಹಳ್ಳಿ: ಬಂಡಿಯಲ್ಲಿ ಬಂದವರು, ವಿಮಾನದಲ್ಲಿ ಹೋಗುವವರು

ಮಕ್ಕಳುಮರಿ ಕಟ್ಟಿಕೊಂಡು ಹೊರಟ ಸಂಸಾರದ ಕಥೆ ನಮ್ಮ ಜಿಲ್ಲೆಯಲ್ಲಿಯೇ ಇದೆ. ತಮಿಳುನಾಡಿನ ಕಂಚಿಯ ಕಡೆಯಿಂದ ರಣಭೈರೇಗೌಡನೂ ಅವನ ಸೋದರರೂ ಹೆಂಡಿರು ಮಕ್ಕಳೊಡನೆ ಬಂಡಿಗಳಲ್ಲಿ ಹೊರಟು, ನೀರೂ ನೆಲವೂ ಕಂಡ ಆವತಿಯಲ್ಲಿ ನೆಲೆನಿಂತರೆಂದು ಐತಿಹ್ಯ. ಅವರ ವಂಶದ ಮಲ್ಲಬೈರೇಗೌಡ 1501ರಲ್ಲಿ ದೇವನಹಳ್ಳಿಯಲ್ಲಿ ಮಣ್ಣಿನ ಕೋಟೆಯನ್ನು ಕಟ್ಟಿಸಿದ. ಇಂದು ಕಾಣುವ ಕಲ್ಲಿನ ಕೋಟೆ 18ನೆಯ ಶತಮಾನದ್ದು. ಟಿಪ್ಪು ಸುಲ್ತಾನ್ ಹುಟ್ಟಿದುದು ಈ ಊರಿನಲ್ಲಿ. ಕೋಟೆಯ ಮೇಲೆ ನಿಂತರೆ ನಿಮಿಷ ನಿಮಿಷಕ್ಕೂ ವಿಮಾನಗಳು ಏರುವುದು ಕಾಣುತ್ತದೆ. 2008ರ ಮೇ ತಿಂಗಳಲ್ಲಿ ಇಲ್ಲಿನ ಅಂತರರಾಷ್ಟ್ರೀಯ ವಿಮಾನನಿಲ್ದಾಣ ಪ್ರಾರಂಭವಾದಂದಿನಿಂದ ಹೊಲವಿದ್ದಲ್ಲಿ ಬಡಾವಣೆ, ಚಕ್ಕೋತದ ತೋಟವಿದ್ದಲ್ಲಿ ಹೋಟೆಲು ಎದ್ದಿವೆ. ಬಂಡಿಯಲ್ಲಿ ಬಂದವರು ಮೊದಲು ಕೆರೆಗೆ ಜಾಗ ನೋಡಿ ಆಮೇಲೆ ಮನೆಗೆ ಜಾಗ ನೋಡುತ್ತಿದ್ದರು. ಈಗ ಮನೆ ಮೊದಲು, ನೀರಿನ ಚಿಂತೆ ಆಮೇಲೆ.

ಈ ಭಾಗದ ಕೆಲವು ಕೆರೆಗಳಿಗೆ ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಬಳಸಿದ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ತುಂಬಿಸುತ್ತಿದ್ದಾರೆ. ಬತ್ತಿದ ಬಾವಿಗಳಲ್ಲಿ ನೀರು ಕಂಡಿತೆಂದು ಸಂತೋಷಪಡುವ ರೈತರೂ ಇದ್ದಾರೆ, ಮೂರನೆಯ ಹಂತದ ಶುದ್ಧೀಕರಣವಿಲ್ಲದೆ ಈ ನೀರು ಬೇಡವೆನ್ನುವ ರೈತರೂ ಇದ್ದಾರೆ. ಬಳಸಿದ ನೀರನ್ನು ಮತ್ತೆ ಬಳಸುವುದು ದೋಣಿಯ ಮನೆಗಳಲ್ಲಿ ನಿತ್ಯದ ಅಭ್ಯಾಸ. ಆದರೆ ಯಾವ ನೀರನ್ನು ಯಾವ ಕೆಲಸಕ್ಕೆ ಎಂಬ ವಿವೇಚನೆಯೂ ಅಲ್ಲಿ ಅಷ್ಟೇ ಕಟ್ಟುನಿಟ್ಟು. ಇವೆರಡೂ ಕೂಡಿದಾಗಲೇ ಆ ಅಭ್ಯಾಸಕ್ಕೆ ಅರ್ಥ.

ಹೊಸಕೋಟೆ: ಹರಿಗೋಲಿನ ಗುರು

ನಾಲ್ಕನೆಯ ದಿನ ಹೊಸಕೋಟೆ. ಸುಗಟೂರಿನ ಪಾಳೆಯಗಾರ ತಮ್ಮೇಗೌಡ ಕಟ್ಟಿಸಿದ ಹೊಸ ಕೋಟೆಯಿಂದ ಊರಿಗೆ ಈ ಹೆಸರು ಬಂತು. ಅವಿಮುಕ್ತೇಶ್ವರನ ದರ್ಶನ ಮಾಡಿಕೊಂಡು ದೊಡ್ಡಕೆರೆಯ ದಂಡೆಗೆ ಬಂದಾಗ, ಮಕ್ಕಳು ನಾಲ್ಕು ದಿನಗಳಿಂದ ಕಾದಿದ್ದ ನೋಟ ಎದುರಿಗಿತ್ತು: ಅಲೆಯೆದ್ದ ನೀರು, ಬಿಳಿಯ ಹೆಜ್ಜಾರ್ಲೆಗಳು, ದೂರದಲ್ಲಿ ಬಲೆ ಹಾಕುತ್ತಿದ್ದ ಒಂದು ಹರಿಗೋಲು. ಅದು ದಂಡೆಗೆ ಬಂದಾಗ ನಾವಿಕನು ಮಕ್ಕಳನ್ನು ಅದರೊಳಗೆ ಕುಳ್ಳಿರಿಸಿ, ದಂಡೆಗೆ ಹಗ್ಗ ಕಟ್ಟಿಯೇ, ಮೊಣಕಾಲುದ್ದದ ನೀರಿನಲ್ಲಿ ಹುಟ್ಟು ಹಾಕಲು ಕಲಿಸಿದನು. ಅದಕ್ಕಿಂತ ಮುಂದೆ ಹೋಗಲು ನಾವು ಬಿಡಲಿಲ್ಲ. ರಕ್ಷಣಾ ಕವಚವಿಲ್ಲದೆ ಮಕ್ಕಳನ್ನು ಕೆರೆಯ ನೀರಿಗೆ ಬಿಡಬಾರದೆಂಬುದು ಎಲ್ಲ ಕುಟುಂಬಗಳೂ ಪಾಲಿಸಬೇಕಾದ ಮಾತು. ಹರಿಗೋಲಿಗೆ ಮುಂದು ಹಿಂದು ಇಲ್ಲ, ಹುಟ್ಟನ್ನು ಒಂದೇ ಕಡೆ ಹಾಕಿದರೆ ಅದು ಗಿರಗಿರನೆ ಸುತ್ತುತ್ತದೆಯೇ ಹೊರತು ಸಾಗುವುದಿಲ್ಲ. ಮಕ್ಕಳು ಹತ್ತು ಬಾರಿ ಸುತ್ತಿದ ಬಳಿಕ ಇದನ್ನು ಕೈಯಿಂದಲೇ ಕಲಿತರು.

ಅಂಬಿಗರ ಚೌಡಯ್ಯನವರ ಕಥೆಯನ್ನು ಹೇಳಲು ಇದಕ್ಕಿಂತ ತಕ್ಕ ಸ್ಥಳ ಯಾವುದು? ದೋಣಿ ನಡೆಸುವ ಕಾಯಕದ ಆ ಶರಣರು ಯಾರ ಮುಲಾಜಿಗೂ ಒಳಗಾಗದೆ ನೇರವಾಗಿ ನುಡಿದವರು. ತುಂಗಭದ್ರೆಯ ದಂಡೆಯ ಚೌಡದಾನಪುರದಲ್ಲಿ ಅವರ ಐಕ್ಯಮಂಟಪವಿದೆ. ಸೊನ್ನಲಿಗೆಯ ಸಿದ್ಧರಾಮರೋ ಕೆರೆ ಕಟ್ಟಿಸುವುದನ್ನೇ ಕಾಯಕವಾಗಿ ಕೈಗೊಂಡವರು. ಸೊಲ್ಲಾಪುರದ ಕೆರೆ ಇಂದಿಗೂ ಅವರ ನೆನಪನ್ನು ಹೊತ್ತಿದೆ. ಅಲ್ಲಮಪ್ರಭುಗಳು ಅವರಿಗೆ ಹೊರಗಿನ ಕೆರೆಯಿಂದ ಒಳಗಿನ ಅರಿವಿಗೆ ದಾರಿ ತೋರಿದರೆಂಬುದನ್ನು ನಾವು ಕೇಳಿಬಲ್ಲೆವು. ಆದರೆ ಹೊರಗಿನ ಕೆರೆಯೂ ಬತ್ತಿ, ಒಳಗಿನ ಅರಿವೂ ಬತ್ತಿದ ಕಾಲಕ್ಕೆ, ಸಿದ್ಧರಾಮರು ತೊಡಗಿದ ಕಡೆಯಿಂದಲೇ ನಾವೂ ತೊಡಗುವುದು ಮೇಲಲ್ಲವೆ?

ಹೊಸಕೋಟೆಯ ಕೆರೆಗೆ ನೀರುಣಿಸುವ ದಕ್ಷಿಣ ಪಿನಾಕಿನಿ ಹುಟ್ಟುವುದೂ ನಂದಿಬೆಟ್ಟದ ಆಸುಪಾಸಿನಲ್ಲಿಯೇ. ಅದು ತಮಿಳುನಾಡಿಗೆ ಹೋಗಿ ಕಡಲೂರಿನ ಬಳಿ ಬಂಗಾಳಕೊಲ್ಲಿಯನ್ನು ಸೇರುತ್ತದೆ. ಅರ್ಕಾವತಿಯ ನೀರು ಕಾವೇರಿಯಾಗಿ ಅದೇ ಕಡಲನ್ನು ಸೇರುತ್ತದೆ. ಮಗ ಭೂಪಟದ ಮೇಲೆ ಎರಡು ಹಾದಿಗಳನ್ನೂ ಬೆರಳಿನಿಂದ ಗುರುತಿಸಿ, ನಮ್ಮ ಜಿಲ್ಲೆಗೆ ಸಮುದ್ರವಿಲ್ಲವೆಂದವರು ಯಾರು ಎಂದು ನಮ್ಮನ್ನೇ ಕೇಳಿದ.

ಮನೆಯ ಮಾಡಿನ ಲೆಕ್ಕ

ಕೊನೆಯ ಪಾಠ ಲೆಕ್ಕದ್ದು. ಅದನ್ನು ಓದುಗರೂ ತಮ್ಮ ಮಕ್ಕಳಿಂದ ಮಾಡಿಸಿ ನೋಡಬಹುದು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 800 ಮಿಲಿಮೀಟರ್ ಮಳೆ ಬೀಳುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹಾಗಾದರೆ 100 ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ ಬೀಳುವುದು 80,000 ಲೀಟರ್. ಅದನ್ನು 365 ದಿನಗಳಿಗೂ ನಾಲ್ಕು ಜನರಿಗೂ ಹಂಚಿದರೆ, ತಲೆಗೆ ದಿನಕ್ಕೆ ಹತ್ತಿರಹತ್ತಿರ 55 ಲೀಟರ್. ಗ್ರಾಮೀಣ ಮನೆಗಳಲ್ಲಿ ಪ್ರತಿಯೊಬ್ಬರಿಗೂ ಸಿಗಬೇಕೆಂದು ಕೇಂದ್ರ ಸರ್ಕಾರದ ಜಲಜೀವನ ಯೋಜನೆ ನಿಗದಿಪಡಿಸಿದ ಪ್ರಮಾಣವೂ 55 ಲೀಟರೇ! ಆವಿಯಾಗಿ, ಸೋರಿ, ತೊಳೆದು ಹೋಗುವುದನ್ನು ಕಳೆದು ಐದರಲ್ಲಿ ನಾಲ್ಕು ಪಾಲು ದಕ್ಕಿದರೂ ಅದು ಸಣ್ಣ ಮೊತ್ತವಲ್ಲ. ಆದರೂ ಆ ನೀರನ್ನು ಚರಂಡಿಗೆ ಬಿಟ್ಟು, ಟ್ಯಾಂಕರಿನವನಿಗೆ ದೂರವಾಣಿ ಮಾಡುವುದು ನಮ್ಮ ವಾಡಿಕೆ. ಅಂತರ್ಜಲವನ್ನು ಮಿತಿಮೀರಿ ಎತ್ತುತ್ತಿರುವ ತಾಲ್ಲೂಕುಗಳೆಂದು ನಮ್ಮ ನಾಲ್ಕು ತಾಲ್ಲೂಕುಗಳೂ ಸರ್ಕಾರದ ಪಟ್ಟಿಯಲ್ಲಿ ಸೇರಿರುವುದರಲ್ಲಿ ಆಶ್ಚರ್ಯವೇನು?

ಮಕ್ಕಳ ಶಾಲೆಯನ್ನು ಬಿಡಿಸಿ ಹಡಗು ಹತ್ತಿಸಬೇಕೆಂದು ನಾವು ಯಾರಿಗೂ ಹೇಳುತ್ತಿಲ್ಲ. ಶಾಲೆ ಬೇಕು, ತ್ರಿವಿಧ ದಾಸೋಹದ ಮೂಲಕ ಸಾವಿರಾರು ಬಡಮಕ್ಕಳನ್ನು ಶಾಲೆಗೆ ಸೇರಿಸಿದ ಸಿದ್ಧಗಂಗೆಯ ಪರಂಪರೆ ನಮ್ಮ ನೆರೆಯಲ್ಲಿಯೇ ಇದೆ. ಆದರೆ ಶಾಲೆಯ ಪಠ್ಯದಲ್ಲಿ ನೈಲ್ ನದಿಯ ಉದ್ದವನ್ನು ಬಾಯಿಪಾಠ ಮಾಡಿದ ಮಗು, ತಾನು ಕುಡಿಯುವ ನೀರು ಯಾವ ಬೆಟ್ಟದಿಂದ ಇಳಿದುದು, ತಾನು ಚೆಲ್ಲಿದ ನೀರು ಯಾವ ಊರಿನ ಕೆರೆಗೆ ಸೇರುತ್ತದೆ ಎಂಬುದನ್ನು ಒಮ್ಮೆಯಾದರೂ ಕಣ್ಣಾರೆ ಕಾಣಬೇಡವೆ? ಅದಕ್ಕೆ ನಾಲ್ಕು ದಿನಗಳ ರಜೆ ಸಾಕು, ಇಪ್ಪತ್ತು ಲೀಟರಿನ ಒಂದು ಕ್ಯಾನು ಸಾಕು. ಪ್ರಸಾದದ ಒಂದು ಅಗುಳನ್ನೂ ಚೆಲ್ಲಬಾರದೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಆ ಅಗುಳನ್ನು ಬೇಯಿಸಿದ ನೀರೂ ಪ್ರಸಾದವೇ ಎಂಬುದನ್ನು ಸೇರಿಸಿ ಹೇಳಿದರೆ ಪಾಠ ಪೂರ್ಣವಾಗುತ್ತದೆ.

ನಮ್ಮ ಮನೆಯ ಅಡುಗೆಕೋಣೆಯ ಗೋಡೆಯ ಮೇಲೆ ಈಗ ಒಂದು ದಿನಚರಿ ತೂಗುತ್ತಿದೆ. ಅಂದಂದಿನ ಮಳೆ ಎಷ್ಟು, ಸಂಪಿನಲ್ಲಿ ನೀರು ಎಷ್ಟು ಅಂಗುಲ ಎಂಬುದನ್ನು ಮಗಳು ಬರೆಯುತ್ತಾಳೆ. ಮೊದಲ ಮಳೆಗೆ ಮಾಡಿನ ಕೊಳವೆಯ ಬಾಯಿಯನ್ನು ತಿರುಗಿಸುವ ಪಾಳಿ ಮಗನದು. ಶಿವನು ಕೊಟ್ಟುದನ್ನು ಎಣಿಸಿ ಬಳಸುವುದೂ, ಎಣಿಸಿ ಉಳಿದುದನ್ನು ನೆರೆಯವರೊಡನೆ ಹಂಚಿಕೊಳ್ಳುವುದೂ ಕಾಯಕ ದಾಸೋಹಗಳ ಬೇರೆ ಹೆಸರುಗಳೇ ಅಲ್ಲವೆ? ಓದುಗ ಬಂಧುಗಳೂ ಮುಂದಿನ ರಜೆಯಲ್ಲಿ ಮಕ್ಕಳ ಕೈಹಿಡಿದು ತಮ್ಮ ತಮ್ಮ ಊರಿನ ಕೆರೆಯ ಏರಿಯನ್ನು ಹತ್ತಿ ಬರಲಿ.